ಹೆಬ್ಬೆಟ್ಟಿನ ಯಂತ್ರದ ಗಾಜನ್ನು ಪೂರ್ವಾನುಮತಿಯಿಲ್ಲದೆ ಒರೆಸಿದ ಬಗ್ಗೆ

ಸಂಖ್ಯೆ: ಉಪ/ತಂತ್ರ/ಇಂಟರ್ನ್/ಗಾಜು/೦೩/೨೦೨೫-೨೬

(ಇಲಾಖೆಯ ಹೆಸರು ಫಲಕದ ಮೇಲೆ ಅಳಿಸಿಹೋಗಿದ್ದು, ಹೊಸ ಫಲಕ ಬರುವವರೆಗೆ ಅದನ್ನು ಎಲ್ಲಿಯೂ ಬರೆಯತಕ್ಕದ್ದಲ್ಲ.)

ವಿಷಯ: ಸರ್ಕಾರಿ ಕಚೇರಿಗಳಲ್ಲಿ ವಿದ್ಯಾರ್ಥಿಗಳಿಗೆ ತಂತ್ರಜ್ಞಾನ ಇಂಟರ್ನ್‌ಶಿಪ್ ಕಲ್ಪಿಸಿರುವುದು, ಹಾಗೂ ಸದರಿ ವಿದ್ಯಾರ್ಥಿಗಳು ತಂತ್ರಜ್ಞಾನಕ್ಕೆ ಕೈ ಹಚ್ಚದಂತೆ ನೋಡಿಕೊಳ್ಳುವ ಬಗ್ಗೆ.

ಉಲ್ಲೇಖ:
೧. ಪ್ರತಿ ಕಚೇರಿಯೂ ಒಬ್ಬ ತಂತ್ರಜ್ಞಾನ ವಿದ್ಯಾರ್ಥಿಯನ್ನು ಇಂಟರ್ನ್ ಆಗಿ ಸೇರಿಸಿಕೊಳ್ಳಬೇಕೆಂಬ ಮೇಲಿನ ಆದೇಶ.
೨. ಹಾಗೆಂದರೇನು ಎಂದು ಕೇಳಿ ಈ ಕಚೇರಿಯಿಂದ ಬರೆದ ಪತ್ರ.
೩. ಸದರಿ ಪತ್ರಕ್ಕೆ ಉತ್ತರವಾಗಿ ಬಂದ ಕುಮಾರಿ ಸೌಂದರ್ಯಾ.

ಪ್ರಸ್ತಾವನೆ:

ದುಮ್ಮವಾಡದ ಕುಮಾರಿ ಸೌಂದರ್ಯಾ, ಪಾಲಿಟೆಕ್ನಿಕ್ಕಿನ ಕಂಪ್ಯೂಟರ್ ವಿಭಾಗದ ಕೊನೆಯ ವರ್ಷದ ವಿದ್ಯಾರ್ಥಿನಿ, ಜನವರಿಯಲ್ಲಿ ಈ ಕಚೇರಿಗೆ ಹಾಜರಾಗಿರುತ್ತಾರೆ. ಇಂಟರ್ನ್‌ಶಿಪ್ ಮುಗಿಸಿದ ಪ್ರಮಾಣಪತ್ರ ಫೆಬ್ರವರಿ ಮುಗಿಯುವುದರೊಳಗೆ ಕಾಲೇಜಿಗೆ ತಲುಪದಿದ್ದಲ್ಲಿ ತಮ್ಮನ್ನು ಪರೀಕ್ಷೆಗೆ ಕೂಡಿಸುವುದಿಲ್ಲವೆಂದು ಅವರು ಮೊದಲ ದಿನವೇ ಮೌಖಿಕವಾಗಿ ತಿಳಿಸಿದ್ದು, ಕಚೇರಿಯು ಅದನ್ನು ಮೌಖಿಕವಾಗಿಯೇ ಮರೆತಿರುತ್ತದೆ. ಅವರಿಗೆ ಒಂದು ಕಾಲು ಗಿಡ್ಡ ಇರುವ ಕುರ್ಚಿಯನ್ನು ನೀಡಿ, ತಂತ್ರಜ್ಞಾನ ಸಂಬಂಧಿತ ಕೆಲಸಗಳಾದ ಸ್ಟೇಪ್ಲರಿಗೆ ಪಿನ್ನು ತುಂಬುವುದು, ಅಧಿಕಾರಿಗಳ ಮೊಬೈಲಿಗೆ ಬಂದ ಶುಭೋದಯದ ಹೂವುಗಳನ್ನು ಅಳಿಸುವುದು ಮುಂತಾದವನ್ನು ವಹಿಸಲಾಗಿತ್ತು. ಕಲಿಯಲು ಬಂದವರು ಕಲಿಯುತ್ತಿದ್ದರು. ಯಾವ ದೂರೂ ಇರಲಿಲ್ಲ.

ಪಿಂಚಣಿ ಪಡೆಯುವವರು ವರ್ಷಕ್ಕೊಮ್ಮೆ ಈ ಕಚೇರಿಗೆ ಬಂದು, ಯಂತ್ರದ ಮೇಲೆ ಹೆಬ್ಬೆಟ್ಟು ಒತ್ತಿ, ತಾವು ಬದುಕಿರುವುದನ್ನು ಖಾತ್ರಿಪಡಿಸಬೇಕಾಗಿರುತ್ತದೆ. ಕಳೆದ ಖಂಡೇಪೂಜೆಯಂದು ಕಚೇರಿಯ ಸಕಲ ಆಯುಧಗಳಿಗೆ, ಅಂದರೆ ಸೀಲು, ಪಂಚಿಂಗ್ ಮಷೀನು, ಜೀಪಿನಲ್ಲಿ ಉಳಿದಿರುವ ಭಾಗ ಮತ್ತು ಸದರಿ ಹೆಬ್ಬೆಟ್ಟಿನ ಯಂತ್ರಕ್ಕೆ, ಜವಾನರಾದ ಶ್ರೀ ಮಡಿವಾಳೆಪ್ಪ ಇವರು ಭಕ್ತಿಯಿಂದ ವಿಭೂತಿ ಹಚ್ಚಿದ್ದು ಸರಿಯಷ್ಟೆ. ಯಂತ್ರದಲ್ಲಿ ದೀಪ ಉರಿಯುವ ಗಾಜಿನ ಜಾಗವೇ ಗರ್ಭಗುಡಿಯಿರಬೇಕೆಂದು ತಿಳಿದು ಅಲ್ಲಿಯೇ ಮೂರು ಬೆರಳು ಎಳೆದಿರುತ್ತಾರೆ. ಪೂಜೆಯ ವಿಭೂತಿಯನ್ನು ಒರೆಸುವ ಧೈರ್ಯ ಯಾರಿಗೂ ಬರಲಿಲ್ಲ. ಸೋಮವಾರಕ್ಕೊಮ್ಮೆ ಹೊಸದು ಸೇರುತ್ತ ಹೋಯಿತು. ಅಂದಿನಿಂದ ಸುತ್ತಲಿನ ಯಾವ ಊರಿನ ಯಾರ ಬೆರಳೂ ಯಂತ್ರಕ್ಕೆ ಕಂಡಿರುವುದಿಲ್ಲ. ಹೊಲದ ಕೆಲಸದಿಂದ ಜನರ ಬೆರಳು ಸವೆದಿವೆಯೆಂದು ತೀರ್ಮಾನಿಸಿದ ಕಚೇರಿಯು, ತಮಗೆ ಬೆರಳು ಇರುವ ಬಗ್ಗೆ ವೈದ್ಯರಿಂದ ಪತ್ರ ತರುವಂತೆ ಎಲ್ಲರಿಗೂ ಸೂಚಿಸಿತ್ತು.

ಹಾಗೆ ಓಡಾಡುತ್ತಿದ್ದವರಲ್ಲಿ ತಂಬೂರದ ಶ್ರೀಮತಿ ಹನಮವ್ವ ಒಬ್ಬರು. ಇವರದು ವಿಧವಾ ವೇತನ. ಗಂಡ ತೀರಿಕೊಂಡದ್ದು ಕಂಪ್ಯೂಟರಿಗೆ ಮೊದಲ ಸಲಕ್ಕೇ ತಿಳಿದಿತ್ತು. ಇವರು ಬದುಕಿರುವುದು ಮಾತ್ರ ಅದಕ್ಕೆ ತಿಳಿಯುತ್ತಿರಲಿಲ್ಲ.

ಕಳೆದ ಸೋಮವಾರ ಗಿಡ್ಡ ಕಾಲಿನ ಕುರ್ಚಿಯ ಮೇಲೆ ಸಮತೋಲನ ಕಾಯ್ದುಕೊಂಡು ಕುಳಿತಿದ್ದ ಕುಮಾರಿ ಸೌಂದರ್ಯಾ ಅವರ ಸಮಕ್ಷಮ ನಡೆದ ಮಾತುಕತೆಯನ್ನು ವಿಚಾರಣೆಯಲ್ಲಿ ಯಥಾವತ್ತಾಗಿ ದಾಖಲಿಸಲಾಗಿದೆ:

ಮಡಿವಾಳೆಪ್ಪ: "ತಗೊಳಂಗಿಲ್ಲ ಅಂತೈತಿ. ಕೈ ಚಂದಂಗ ತೊಳಕೊಂಡ ಬಾ ಬೇ ಯಮ್ಮಾ."

ಹನಮವ್ವ: "ತೊಳದ ತೊಳದ ಕೈಯಾನ ಗೆರಿನ ಹೋದುವಪಾ. ಇನ್ನೊಮ್ಮೆ ತೊಳದ್ರ ಕೈನ ಹೊಕ್ಕೈತಿ."

ಸೌಂದರ್ಯಾ: "ಕಾಕಾ, ಒಂದ ಸಲ ಆ ಗಾಜು ಒರಸೂಣೇನ್ರಿ?"

ಮಡಿವಾಳೆಪ್ಪ: "ಏ ತಂಗಿ, ಪೂಜಿ ಮಾಡಿದ್ದೈತದು! ಕಲಿಯಾಕ ಬಂದಾಕಿ ಅದಿ, ಕಲ್ತು ಸುಮ್ಮನ ಹೋಗು."

ಹನಮವ್ವ (ಯಂತ್ರವನ್ನು ಬಗ್ಗಿ ನೋಡಿ): "ಅಯ್ಯ ನಿನ್ನ! ಈಬತ್ತಿ ಹಣಿಗೆ ಹಚ್ಚತಾರೋ ಮಾರಾಯಾ. ನೀ ಅದರ ಕಣ್ಣಿಗೆ ಮೆತ್ತಿ ಕುಂತಿ. ಅದಕ್ಕರ ನಾ ಹೆಂಗ ಕಾಣಬೇಕು?"

ಅಷ್ಟರಲ್ಲಿ ಕುಮಾರಿ ಸೌಂದರ್ಯಾ ಎದ್ದು, ಯಾವುದೇ ಟಿಪ್ಪಣಿ ಮಂಡಿಸದೆ, ತಮ್ಮ ಓಢಣಿಯ ಸೆರಗಿನಿಂದ ಗಾಜನ್ನು ಒರೆಸಿರುತ್ತಾರೆ. ಶ್ರೀಮತಿ ಹನಮವ್ವ ಹೆಬ್ಬೆಟ್ಟು ಇಟ್ಟ ಕೂಡಲೇ ಹಸಿರು ಗುರುತು ಮೂಡಿತು.

"ಏನಂತೈತಿ ತಂಗಿ ಅದು?" ಎಂದು ಅವರು ಕೇಳಿದರು.

"ನೀವು ಅದೀರಂತ ಯಮ್ಮಾ."

"ಹೂಂ. ನನಗ ಗೊತ್ತಿತ್ತು," ಎಂದು ಹೇಳಿ ಶ್ರೀಮತಿ ಹನಮವ್ವ ಬಸ್ಸಿಗೆ ಹೋಗಿರುತ್ತಾರೆ.

ಸಂಜೆಯೊಳಗೆ ಅಂದು ಬಂದವರೆಲ್ಲ ಬದುಕಿದ್ದಾರೆಂದು ತೀರ್ಮಾನವಾಗಿ ಸಾಲು ಕರಗಿಹೋಯಿತು. ಸಾಲಿನ ಉದ್ದವನ್ನೇ ಆಧಾರವಾಗಿಟ್ಟು ಹೆಚ್ಚುವರಿ ಗುಮಾಸ್ತರನ್ನು ಕೋರಿದ್ದ ಕಚೇರಿಯ ಪ್ರಸ್ತಾವನೆಗೆ ಇದರಿಂದ ತೀವ್ರ ಪೆಟ್ಟು ಬಿದ್ದಿದೆ. ಗಾಜು ಒರೆಸುವಾಗ ತಮ್ಮ ಮನಸ್ಸಿನಲ್ಲಿ ಏನಿತ್ತು ಎಂಬ ಪ್ರಶ್ನೆಗೆ ಕುಮಾರಿ ಸೌಂದರ್ಯಾ, "ಸರ್ಟಿಫಿಕೇಟ್ ಹೋದ್ರ ಹೋಗಲಿ ಅಂದಕೊಂಡ್ನಿರಿ. ಒರಸಿದ ಮ್ಯಾಲೆ ಹಂಗ ಯಾಕ ಅಂದಕೊಂಡ್ನೋ ಅಂತ ಹೆದರಿಕಿ ಬಂತ್ರಿ," ಎಂದು ಉತ್ತರಿಸಿದ್ದಾರೆ. ಎರಡೂ ಸಮಂಜಸವೆಂದು ಕಂಡುಬಂದಿರುವುದರಿಂದ ಅವರ ಪ್ರಮಾಣಪತ್ರವನ್ನು ತಡೆಹಿಡಿಯಲಾಗಿದೆ. ಅದರಂತೆ,

ಸುತ್ತೋಲೆ:

೧. ಇಂಟರ್ನ್‌ಗಳು ಯಾವುದೇ ಸಮಸ್ಯೆಯನ್ನು ಅದರ ಕಡತ ತೆರೆಯುವುದಕ್ಕಿಂತ ಮೊದಲು ಪರಿಹರಿಸತಕ್ಕದ್ದಲ್ಲ. ಅರಿಯದೆ ಪರಿಹಾರವಾದಲ್ಲಿ, ಸಮಸ್ಯೆಯನ್ನು ಮೊದಲಿನ ಸ್ಥಿತಿಗೆ ತಂದಿಟ್ಟು ನಂತರ ವರದಿ ಮಾಡುವಂತೆ ಈ ಮೂಲಕ ಸೂಚಿಸಲಾಗಿದೆ.

೨. ಇಂಟರ್ನ್‌ಗಳ ಲ್ಯಾಪ್‌ಟಾಪುಗಳನ್ನು ಬೆಳಿಗ್ಗೆ ದಾಖಲೆ ಕೋಣೆಯಲ್ಲಿ ಡಾಂಬರು ಗುಳಿಗೆಗಳ ಸಮೇತ ಇರಿಸಿ, ಸಂಜೆ ಹುಳ ಬಿದ್ದಿಲ್ಲವೆಂದು ಖಾತ್ರಿಪಡಿಸಿಕೊಂಡು ಒಯ್ಯತಕ್ಕದ್ದು.

೩. ಕಚೇರಿಯ ಪಾಸ್‌ವರ್ಡ್ ಅತ್ಯಂತ ಗೋಪ್ಯವಾಗಿದ್ದು, ಕ್ಯಾಲೆಂಡರಿನ ಬಾಜು ಗೋಡೆಯ ಮೇಲೆ ಬರೆಯಲಾಗಿದೆ. ಇಂಟರ್ನ್‌ಗಳು ಸದರಿ ಗೋಡೆಗೆ ಬೆನ್ನು ಮಾಡಿ ಕೂಡತಕ್ಕದ್ದು. ಅಮಾವಾಸ್ಯೆ ಯಾವಾಗ ಎಂಬುದನ್ನು ತಿಳಿಯಬೇಕಾದಲ್ಲಿ ಶ್ರೀ ಮಡಿವಾಳೆಪ್ಪ ಇವರನ್ನು ವಿಚಾರಿಸುವುದು.

೪. ಕೃತಕ ಬುದ್ಧಿಮತ್ತೆಯನ್ನು ಬಳಸಲು ಇಚ್ಛಿಸುವವರು, ಕಚೇರಿಯಲ್ಲಿ ದಾಸ್ತಾನಿರುವ ಬುದ್ಧಿ ಪೂರ್ತಿ ಖರ್ಚಾಗಿದೆ ಎಂಬ ದೃಢೀಕರಣವನ್ನು ಮೊದಲು ಪಡೆಯತಕ್ಕದ್ದು. ಇದುವರೆಗೆ ಒಂದಿಷ್ಟೂ ಖರ್ಚಾಗದೆ ಹಾಗೆಯೇ ಇದೆ.

೫. ಗಾಜು ಒರೆಸಲು ಇಚ್ಛಿಸುವವರು ಅರ್ಜಿ ಸಲ್ಲಿಸತಕ್ಕದ್ದು. ಅರ್ಜಿಯಲ್ಲಿ ಅರಿವೆಯ ಬಣ್ಣ, ಒರೆಸುವ ದಿಕ್ಕು ಮತ್ತು ಒರೆಸಿದ ಮೇಲೆ ಏನು ಕಾಣಬಹುದೆಂಬ ಅಂದಾಜನ್ನು ನಮೂದಿಸುವುದು. ಅರಿವೆಯನ್ನು ಟೆಂಡರ್ ಮೂಲಕವೇ ಖರೀದಿಸಲಾಗುವುದು. ಅಲ್ಲಿಯವರೆಗೆ ಬಾಯಿಯಿಂದ ಊದುವುದನ್ನೂ ಒರೆಸುವುದೆಂದೇ ಪರಿಗಣಿಸಲಾಗುವುದು. ಗಾಜಿನ ಹತ್ತಿರ ಬಲವಾಗಿ ನಿಟ್ಟುಸಿರು ಬಿಡುವವರ ಬಗ್ಗೆ ಪ್ರತ್ಯೇಕ ಆದೇಶ ಹೊರಡಿಸಲಾಗುವುದು.

೬. ಕಲಂ ೧ರ ಅನುಸಾರ ಮಂಗಳವಾರ ಬೆಳಿಗ್ಗೆ ಶ್ರೀ ಮಡಿವಾಳೆಪ್ಪ ಇವರು ಪಂಚರ ಸಮಕ್ಷಮ ಗಾಜಿಗೆ ವಿಭೂತಿ ಹಚ್ಚಿ, ಸಮಸ್ಯೆಯನ್ನು ಯಥಾಸ್ಥಿತಿಗೆ ತಂದಿರುತ್ತಾರೆ.

ಸೇರ್ಪಡೆ (ಸುತ್ತೋಲೆ ಟೈಪಾದ ನಂತರ ಸಂಭವಿಸಿದ್ದು):

ಈ ತಿಂಗಳಿನಿಂದ ಬಂದ ಹೊಸ ನಿಯಮದಂತೆ, ಈ ಸುತ್ತೋಲೆ ಜಾರಿಯಾಗಲು ಪ್ರಭಾರ ಅಧಿಕಾರಿ ಶ್ರೀ ಕಾಶಿನಾಥ ಇವರು ಅದೇ ಯಂತ್ರದ ಮೇಲೆ ಹೆಬ್ಬೆಟ್ಟು ಒತ್ತಬೇಕಾಗಿತ್ತು. ಬುಧವಾರ ಒತ್ತಿದರು. "ವ್ಯಕ್ತಿ ಪತ್ತೆಯಾಗಿಲ್ಲ" ಎಂದು ಯಂತ್ರ ತಿಳಿಸಿತು. ಎಡಗೈಯಿಂದ ಒತ್ತಿದರು. ಆ ವ್ಯಕ್ತಿಯೂ ಪತ್ತೆಯಾಗಲಿಲ್ಲ. ಇಡೀ ಕಚೇರಿಯ ಸಂಬಳದ ಬಿಲ್ಲಿಗೂ ಅದೇ ನಿಯಮದಂತೆ ಅದೇ ಹೆಬ್ಬೆಟ್ಟು ಬೇಕಾಗಿದ್ದುದರಿಂದ ಸಿಬ್ಬಂದಿಯೆಲ್ಲ ಯಂತ್ರದ ಸುತ್ತ ಬಂದು ಸೇರಿದರು.

ತಮ್ಮ ಮೈದುನನ ಹೆಂಡತಿಯಾದ ನೆಗೆಣ್ಣಿಯನ್ನು ಬದುಕಿಸಿಕೊಂಡು ಹೋಗಲು ಅಂದು ಬಂದಿದ್ದ ಶ್ರೀಮತಿ ಹನಮವ್ವ ಬೆಂಚಿನ ಮೇಲಿಂದಲೇ, "ಕೈ ಚಂದಂಗ ತೊಳಕೊಂಡ ಬರ್ರಿ ಸಾಹೇಬ್ರ. ಮಿರ್ಚಿ ಭಜಿ ತಿಂದೀರೇನ?" ಎಂದರು. ಅಧಿಕಾರಿಗಳು ತಿಂದದ್ದು ನಿಜ. ತೊಳೆದುಕೊಂಡು ಬಂದರು. ಆದರೂ ಪತ್ತೆಯಾಗಲಿಲ್ಲ. ಕೊನೆಗೆ ಗೋಡೆಗೆ ಬೆನ್ನು ಮಾಡಿ ಕುಳಿತಿದ್ದ ಕುಮಾರಿ ಸೌಂದರ್ಯಾ ಅವರನ್ನು ಕರೆದರು.

"ತಂಗಿ, ಸ್ವಲ್ಪ ಒರಸವಾ ಅದನ್ನ."

"ಕಲಂ ಐದರ ಪ್ರಕಾರ ಅರ್ಜಿ ಕೊಡಬೇಕಾಕ್ಕೈತ್ರಿ ಸರ್. ಅರಿವಿ ಟೆಂಡರ್ ಇನ್ನೂ ಆಗಿಲ್ರಿ."

ಅವರ ದನಿ ನಡುಗುತ್ತಿತ್ತೆಂದು ಮಡಿವಾಳೆಪ್ಪ ತಿಳಿಸಿದ್ದಾರೆ. ಕುರ್ಚಿಯ ಕಾಲಿನಿಂದಾಗಿ ಹಾಗಿರಬಹುದು.

"ಏನ ಬೇಕವಾ ನಿನಗ?"

"ಸರ್ಟಿಫಿಕೇಟ್ ರೀ ಸರ್. ಅದು ಮೊದಲ್ರಿ."

ಅದರಂತೆ ಪ್ರಮಾಣಪತ್ರವನ್ನು ಎಲ್ಲಕ್ಕಿಂತ ಮುಂದಿಟ್ಟು, ಕಲಂ ೫ನ್ನು ಒಂದು ಒರೆಸುವಿಕೆಯ ಮಟ್ಟಿಗೆ ಸಡಿಲಿಸಲಾಯಿತು. ಅದೇ ಓಢಣಿ. ಅಧಿಕಾರಿಗಳು ಪತ್ತೆಯಾದರು. ಪ್ರಮಾಣಪತ್ರ ಮಂಜೂರಾಯಿತು, ಸಂಬಳದ ಬಿಲ್ಲು ಮಂಜೂರಾಯಿತು, ನೆಗೆಣ್ಣಿ ಬದುಕಿದರು. ಸುತ್ತೋಲೆಯ ಸರದಿ ಬರುವಷ್ಟರಲ್ಲಿ ಕರೆಂಟು ಹೋಯಿತು.

೭. ಪೂಜೆ ನಿಲ್ಲಿಸುವಂತಿಲ್ಲ, ಸಂಬಳವನ್ನೂ ನಿಲ್ಲಿಸುವಂತಿಲ್ಲ. ಆದ್ದರಿಂದ ಯಂತ್ರದ ಹಣೆ ಯಾವುದೆಂದು ನಿಗದಿಪಡಿಸಲು ತಾಂತ್ರಿಕ ಸಮಿತಿಯನ್ನು ರಚಿಸಲಾಗಿತ್ತು. ಸಮಿತಿಯು ವರದಿ ನೀಡುವ ಮೊದಲೇ ಶ್ರೀಮತಿ ಹನಮವ್ವ ಗಾಜಿನ ಮೇಲ್ಭಾಗದ ಕಪ್ಪು ಮುಚ್ಚಳದ ಮೇಲೆ ಬೆರಳಿಟ್ಟು "ಇದ ನೋಡಪಾ ಹಣಿ" ಎಂದದ್ದರಿಂದ, ಮಡಿವಾಳೆಪ್ಪ ಕೈಮುಗಿದು ಅಲ್ಲಿ ಮೂರು ಬೆರಳು ಎಳೆದಿರುತ್ತಾರೆ. ಸಮಿತಿಯನ್ನು ಈ ಮೂಲಕ ವಿಸರ್ಜಿಸಲಾಗಿದೆ. ಚಹಾದ ಬಿಲ್ಲನ್ನು ಅಂಗೀಕರಿಸಲಾಗಿದೆ.

ಸಹಿ/-
(ಕರೆಂಟು ಇಲ್ಲದ ಕಾರಣ ಪೆನ್ನಿನಿಂದ)
ಕಾಶಿನಾಥ
ಪ್ರಭಾರ ಅಧಿಕಾರಿ (ಪತ್ತೆಯಾಗಿದ್ದಾರೆ)

ಪ್ರತಿಗಳು:
೧. ಮೇಲಿನ ಕಚೇರಿಗೆ, ಓದದೆ ಕಡತಕ್ಕೆ ಸೇರಿಸುವ ಸಲುವಾಗಿ.
೨. ಪಾಲಿಟೆಕ್ನಿಕ್ಕಿನ ಪ್ರಾಚಾರ್ಯರಿಗೆ, ಪ್ರಮಾಣಪತ್ರ ಲಗತ್ತಿಸಿ. ಕುಮಾರಿ ಸೌಂದರ್ಯಾ ಇವರನ್ನು ಪರೀಕ್ಷೆಗೆ ಕೂಡಿಸುವುದು. ಸಾಧ್ಯವಾದರೆ ನಾಲ್ಕೂ ಕಾಲು ಸಮವಿರುವ ಕುರ್ಚಿಯ ಮೇಲೆ.
೩. ಶ್ರೀ ಮಡಿವಾಳೆಪ್ಪ ಇವರಿಗೆ, ಸೋಮವಾರಗಳಂದು ಪಾಲಿಸಲು.
೪. ಗೋಡೆಗೆ. ಪಾಸ್‌ವರ್ಡ್ ಮುಚ್ಚುವಂತೆ ಅಂಟಿಸುವುದು.
೫. ಶ್ರೀಮತಿ ಹನಮವ್ವ, ತಂಬೂರ, ಇವರಿಗೆ. ತಾವು ಬದುಕಿರುವುದನ್ನು ಈ ಕಚೇರಿ ಒಪ್ಪಿಕೊಂಡಿದೆ. ತಮಗೆ ಇದು ಮೊದಲೇ ಗೊತ್ತಿತ್ತು ಎಂಬುದನ್ನೂ ದಾಖಲಿಸಿಕೊಳ್ಳಲಾಗಿದೆ.