ಮಣಕ ಜರುಗಿದ ಮಾಸ್ತರರು

ಗ್ಯಾಸ್ ಸಿಲಿಂಡರ್ ಎತ್ತಲು ಬಗ್ಗಿದ ದೇವೇಂದ್ರಪ್ಪ ಮಾಸ್ತರರು ಬಗ್ಗಿದಂತೆಯೇ ನಿಂತುಬಿಟ್ಟರು. ಸೊಂಟದಿಂದ ಹಿಮ್ಮಡಿಯವರೆಗೆ ಕರೆಂಟು ಹೊಡೆದ ಹಾಗಾಯಿತು. ಆದರೂ, ಸುಳ್ಳೇಕೆ ಹೇಳಲಿ, ಒಳಗೊಳಗೇ ಹಿಗ್ಗೋ ಹಿಗ್ಗು! ನಾಳೆಯಿಂದ ಅಳವಂಡಿಯಲ್ಲಿ ಮನೆಮನೆ ಗಣತಿ. ಸುಡುಬಿಸಿಲಲ್ಲಿ ಮುನ್ನೂರು ಮನೆ ತಿರುಗುವುದನ್ನು ತಪ್ಪಿಸಿಕೊಳ್ಳಲು ಅವರು ವಾರದಿಂದ ನೆಪ ಹುಡುಕುತ್ತಿದ್ದರು.

"ಬೆನ್ನುಮೂಳಿ ಮಣಕ ಜರಗೈತಿ. ಆರು ವಾರ ಹಾಸಿಗಿ ಬಿಟ್ಟು ಏಳಂಗಿಲ್ಲ ನೋಡು," ಎಂದು ಹೆಂಡತಿ ಸುಕನ್ಯಾಗೆ ತಾವೇ ತೀರ್ಪು ಕೊಟ್ಟರು. ಗಣತಿ ಮುಗಿಯುವುದೂ ಆರು ವಾರಕ್ಕೇ.

ಪಕ್ಕದ ಮನೆಯ ಟೇಲರ್ ಹುಸೇನಬಾಷಾ ಓಡಿಬಂದವನೇ ಅಂಗಿ ಎತ್ತಿ ತನ್ನ ಬೆನ್ನ ಮೇಲಿನ ಹೊಲಿಗೆಯ ಗುರುತು ತೋರಿಸಿದ. "ದುರ್ಬೀನ್ ಒಳಗ ಬಿಟ್ಟು ಆಪರೇಷನ್ ಮಾಡಿಸ್ರಿ ಸರ. ಗುಂಡಿ ಕಾಜಿನಷ್ಟ ತೂತು, ಕಾಲ್ನೋವು ಖಲಾಸ್!"

"ಸೂಜಿ ಕಂಡ್ರ ಎದಿ ಒಡೀತೈತೋ ಮಾರಾಯ. ಗುಳಗಿ ನುಂಗಿ ಮಲಗ್ತೀನಿ."

ಅಷ್ಟರಲ್ಲಿ ಹೆಡ್‌ಮಾಸ್ತರ ವಿರುಪಣ್ಣನವರು ಬಂದರು. ಗಣತಿಯ ಹಿಂದಿನ ದಿನ ಬರುವ ಬೇನೆಯನ್ನು ನಂಬುವವರೇ ಅಲ್ಲ ಅವರು. "ಡಾಕ್ಟರ ಚೀಟಿ ಬೇಕ್ರೀ. ನಡ್ರಿ ಕೊಪ್ಪಳಕ್ಕ, ನಾನೂ ಬರ್ತೀನಿ," ಎಂದರು.

ಮೂವರೂ ಸೇರಿ ಮಾಸ್ತರರನ್ನು ಆಟೋಕ್ಕೆ ಎತ್ತಿ ಹಾಕಿದರು. ರಸ್ತೆಯ ಒಂದೊಂದು ಉಬ್ಬಿಗೂ ಮಾಸ್ತರರು ಹೆಡ್‌ಮಾಸ್ತರರ ಕಿವಿಯಲ್ಲೇ ನರಳಿದರು.

ಡಾಕ್ಟರು ಸ್ಕ್ಯಾನ್ ನೋಡಿದರು, ಕಾಲು ಎತ್ತಿಸಿದರು. "ಡಿಸ್ಕ್ ಸ್ವಲ್ಪ ಹೊರಗ ಬಂದು ನರ ಒತ್ತೈತಿ. ಕಾಲಾಗ ಶಕ್ತಿ ಐತಿ, ಹೆದರಬ್ಯಾಡ್ರಿ. ಗುಳಗಿ, ವ್ಯಾಯಾಮದಾಗ ಭಾಳ ಮಂದಿಗೆ ಆರು ವಾರದಾಗ ಕಡಿಮಿ ಆಗ್ತೈತಿ. ದುರ್ಬೀನ್ ಆಪರೇಷನ್‌ದಾಗ ಕಾಲ್ನೋವು ಲಗೂ ಹೋಗ್ತೈತಿ. ವರ್ಷದ ಮ್ಯಾಲ ನೋಡಿದ್ರ ಎರಡೂ ಹೆಚ್ಚೂಕಡಿಮಿ ಒಂದ."

"ಗುಳಗೀನ ಇರ್ಲಿ ಸಾಹೇಬ್ರ! ಆರು ವಾರ ಮಲಗಬೇಕಂತ ಬರದುಬಿಡ್ರಿ."

"ಮಲಗೋದಾ? ಎರಡು ದಿನದ ಮ್ಯಾಲ ಮಲಗಿದ್ರ ಬೆನ್ನು ಬಿಗೀತೈತಿ. ದಿನಾ ನಡೀಬೇಕು."

ಮಾಸ್ತರರ ಮುಖ ಸಪ್ಪಗಾಯಿತು. ಕಣ್ಣು ಮುಚ್ಚಿಕೊಂಡು, ಸೂಜಿಯ ಹೆದರಿಕೆಯನ್ನೂ ನುಂಗಿಕೊಂಡು, "ಹಂಗಾರ ದುರ್ಬೀನ ಹಾಕ್ರಿ! ಆಮ್ಯಾಲರ ಮಲಗಬೋದಲ್ಲ?" ಎಂದರು.

"ಅದರಾಗ ಇನ್ನೂ ಲಗೂ. ಮುಂಜಾನಿ ಆಪರೇಷನ್, ಸಂಜೀಗೇ ಎಬ್ಬಿಸಿ ನಡಸ್ತೀವಿ."

ಕೊನೆಗೆ ಗುಳಗಿಯೇ ಸಾಕೆಂದು ಡಾಕ್ಟರು ಬರೆದ ಚೀಟಿಯನ್ನು ವಿರುಪಣ್ಣನವರೇ ಇಸಿದುಕೊಂಡು ಗಟ್ಟಿಯಾಗಿ ಓದಿದರು: "ಬಹಳ ಹೊತ್ತು ಕೂರಬಾರದು. ಭಾರ ಎತ್ತಬಾರದು. ಎರಡು ದಿನದ ನಂತರ ದಿನವೂ ನಡಿಗೆ. ವಾರವಾರವೂ ಸ್ವಲ್ಪ ಸ್ವಲ್ಪ ಹೆಚ್ಚಿಸುವುದು."

ಓದಿ ಮುಗಿಸಿ ಚೀಟಿಯನ್ನು ಜೋಪಾನವಾಗಿ ಮಡಚಿ ಕಿಸೆಗಿಟ್ಟುಕೊಂಡರು.

"ಎರಡು ದಿನ ಆರಾಮ ಮಲಗ್ರಿ ಮಾಸ್ತರ. ಮೂರನೇ ದಿನ ನಿಮ್ಮ ಮುನ್ನೂರು ಮನಿ ಶುರು ಮಾಡ್ರಿ. ಮುಂದಿನ ವಾರದಿಂದ ರಜಿಯಾಬೇಗಂ ಟೀಚರ ಪಾಲಿನ ಓಣೀನೂ ನಿಮಗ. ಹೆಚ್ಚಸ್ರಿ ಅಂತ ಡಾಕ್ಟರ ಬರದಾರಲ್ರಿ!"