ಮೊರ್ಲಾ ಮೇಷ್ಟ್ರನ್ನು ಆಚೆ ಹಾಕಿದ್ದು

ಎಲ್ಲಕ್ಕೂ ಕಾರಣ ಶುಕ್ರವಾರದ ಆ ಹಾಳು ಮಳೆ. ಅದೊಂದು ಬರದಿದ್ದರೆ ಬೇಸ್‌ಬಾಲ್ ಫೈನಲ್ ಅವತ್ತೇ ಮುಗಿದು, ಶನಿವಾರ ಸಂಜೆ ಎವರಿಸ್ಟೊ ಮೊರ್ಲಾ ಮೇಷ್ಟ್ರು ಗರಿಗರಿ ಬಿಳಿ ಅಂಗಿ ತೊಟ್ಟು, ಚರ್ಚಿನಲ್ಲಿ ಮಗಳು ಯಾನಿರಿಸಳ ಕೈಹಿಡಿದು ನಡೆಯುತ್ತಿದ್ದರು. ಮಳೆ ಬಂತು, ಆಟ ಮದುವೆಯ ದಿನಕ್ಕೇ ಬಂದು ಕೂತಿತು.

"ಬೆಳಗ್ಗೆ ಶುರುವಾದ್ರೆ ಮಧ್ಯಾಹ್ನಕ್ಕೆಲ್ಲ ಮುಗಿಯುತ್ತೆ ಕಣೇ," ಅಂದರು ಮೇಷ್ಟ್ರು.

"ಅವಳು ಹುಟ್ಟಿದ ದಿನಾನೂ ಹೀಗೇ ಅಂದಿದ್ರಿ," ಅಂದಳು ಹೆಂಡತಿ ದುಲ್ಸೆ. "ಚರ್ಚಲ್ಲಿ ಅವಳು ಮೊದಲ ಪರಮಪ್ರಸಾದ ತಗೊಂಡ ದಿನಾನೂ ಅಂದಿದ್ರಿ. ಇವತ್ತು ನಾಲ್ಕು ಗಂಟೆಗೆ ಚರ್ಚ್ ಬಾಗಿಲಲ್ಲಿ ಕಾಣದಿದ್ರೆ ನಮ್ಮಣ್ಣ ಅವಳ ಕೈ ಹಿಡ್ಕೊಂಡು ಹೋಗ್ತಾನೆ. ಆಮೇಲೆ ನೀವು ಫೋಟೋದಲ್ಲಿ ನೋಡ್ಕೊಳ್ಳಿ."

ದುಲ್ಸೆಯ ಅಣ್ಣ ಜೀವಮಾನದಲ್ಲಿ ಒಂದು ಚೆಂಡು ಹಿಡಿದವನಲ್ಲ. ಅಂಥವನು ತನ್ನ ಮಗಳ ಕೈ ಹಿಡಿಯುವುದೇ? ಮೇಷ್ಟ್ರಿಗೆ ಮೈಯೆಲ್ಲ ಉರಿದುಹೋಯಿತು.

ಮೇಷ್ಟ್ರೆಂದರೆ ನಮ್ಮ ಸಕ್ಕರೆ ಗಿರಣಿಯ ಊರಿಗೆ ಸಾಮಾನ್ಯ ಆಸಾಮಿಯಲ್ಲ. ಕಬ್ಬು ಕಡಿಯುವವನ ಮಗ. ಹಾಲಿನ ರಟ್ಟಿನ ಡಬ್ಬ ಮಡಚಿ ಕೈಗೆ ಗ್ಲೋವ್ ಮಾಡಿಕೊಂಡು ಆಟ ಕಲಿತವರು. ಅಮೆರಿಕೆಗೆ ಹೋಗಿ, ಸಣ್ಣ ಲೀಗುಗಳಲ್ಲಿ ಹೆಸರು ಮಾಡಿ, ಇನ್ನೇನು ದೊಡ್ಡ ಲೀಗಿನ ಹೊಸ್ತಿಲು ದಾಟಬೇಕು ಎನ್ನುವಾಗ ಮಂಡಿ ಮುರಿದುಕೊಂಡು ಕುಂಟುತ್ತ ಮರಳಿದರು. ಅತ್ತುಕೊಂಡು ಕೂರಲಿಲ್ಲ, ಕೋಚಾದರು. ಇವತ್ತು ಅವರ ಕೈಯಲ್ಲಿ ಪಳಗಿದವರು ದೊಡ್ಡ ಲೀಗಿನಲ್ಲಿ ಆಡುವಾಗ ಊರಿಗೆ ಊರೇ ಟೀವಿ ಮುಂದೆ ಕೂರುತ್ತದೆ. ಇಷ್ಟು ವರ್ಷಗಳಲ್ಲಿ ಅಂಪೈರಿಗೆ ಎದುರು ಮಾತಾಡಿದವರಲ್ಲ, ಆಟದ ನಡುವೆ ಮೈದಾನ ಬಿಟ್ಟವರೂ ಅಲ್ಲ. ಹೇಳಿಕೊಳ್ಳಲು ನಮಗೆ ಹೆಮ್ಮೆಯೇ.

ಆದರೆ ಈ ಆಟಕ್ಕೆ ಗಡಿಯಾರವಿಲ್ಲ. ಅಂಕ ಸಮವಾದರೆ ಒಬ್ಬರು ಸೋಲುವ ತನಕ ಸರದಿಯ ಮೇಲೆ ಸರದಿ ಆಡುತ್ತಲೇ ಇರಬೇಕು. ಅವತ್ತು ಅಂಕ ಸಮವಾಯಿತು. ಮಧ್ಯಾಹ್ನ ಕಳೆಯಿತು, ಮೂರು ಹೊಡೆಯಿತು, ಎರಡೂ ತಂಡಗಳು ಜಿಗಣೆಯ ಹಾಗೆ ಅಂಟಿಕೊಂಡೇ ಇದ್ದವು.

"ಎದ್ದು ಹೋಗ್ಬಿಡಿ ಮೇಷ್ಟ್ರೇ, ನಾನು ನೋಡ್ಕೋತೀನಿ," ಅಂದ ಸಹಾಯಕ ಕೋಚ್ ಚೆಲೊ.

"ಆಟದ ಮಧ್ಯೆ ಓಡಿಹೋದ ಅಂತ ಊರು ಆಡ್ಕೊಳ್ಳಲ್ವೇನೋ? ಹುಡುಗರಿಗೆ ಯಾವ ಮುಖ ತೋರಿಸ್ಲಿ?"

"ಹಂಗಾದ್ರೆ ಅಂಪೈರ್ ಹತ್ರ ಜಗಳ ತೆಗೀರಿ. ಅವನೇ ಆಚೆ ಹಾಕ್ಲಿ. ತಂಡಕ್ಕೋಸ್ಕರ ಜಗಳ ಆಡಿ ಹೋದೋರಿಗೆ ಮರ್ಯಾದೆ ಇನ್ನೂ ಜಾಸ್ತಿ."

ಮೇಷ್ಟ್ರಿಗೆ ಹೋದ ಜೀವ ಬಂದಂತಾಯಿತು. ಸರಸರನೆ ಹೋಗಿ ಅಂಪೈರ್ ತಿಬುರ್ಸಿಯೊನ ಕಾಲ ಬುಡಕ್ಕೆ ಟೋಪಿ ಎಸೆದರು. ತಿಬುರ್ಸಿಯೊ ಅವರ ಹಳೆಯ ಶಿಷ್ಯ. ಟೋಪಿ ಎತ್ತಿ, ಧೂಳು ಕೊಡವಿ ಕೈಗಿಟ್ಟ.

"ಜಾರಿಬಿತ್ತು ಅಣ್ಣಾ."

ಮೇಷ್ಟ್ರು ಕಾಲಿನಿಂದ ಮಣ್ಣು ಎರಚಿದರು. ಅವನು ಬ್ರಷ್ ತೆಗೆದು ಗುಡಿಸಿದ.

"ನಿಂಗೆ ಕಣ್ಣು ಕಾಣಲ್ವೇನೋ ಕುರುಡಾ?"

"ಸ್ವಲ್ಪ ಮಂಜು ಮಂಜು ಕಣಣ್ಣಾ. ಸೋಮವಾರ ಡಾಕ್ಟರ ಹತ್ರ ಹೋಗ್ತಿದೀನಿ. ನೀವೊಬ್ರೇ ನೋಡಿ ವಿಚಾರಿಸಿದ್ದು."

ಒಳ್ಳೆಯವನೆಂದು ಹೆಸರು ತಗೊಂಡ ತಪ್ಪಿಗೆ ಈ ಶಿಕ್ಷೆಯೇ? ಚರ್ಚಿನ ಕಡೆಯಿಂದ ಮೊದಲ ಗಂಟೆ ಕೇಳಿಸಿತು. ಮೇಷ್ಟ್ರು ಕಣ್ಣು ಮುಚ್ಚಿ ಮನಸ್ಸು ಕಲ್ಲು ಮಾಡಿಕೊಂಡರು.

"ನಿಮ್ಮಮ್ಮ ಮಾಡೋ ಸಾಂಕೋಚೊ ಸಾರಿದೆಯಲ್ಲ," ಅಂದರು, ಗ್ಯಾಲರಿಗೆಲ್ಲ ಕೇಳುವ ಹಾಗೆ. "ಪಾತ್ರೆ ತೊಳೆದ ನೀರೇ ವಾಸಿ."

ತಿಬುರ್ಸಿಯೊನ ಮುಖ ಕೆಂಪೇರಿತು.

"ನನ್ನ ಏನು ಬೇಕಾದ್ರೂ ಅನ್ನಿ. ಅಮ್ಮನ ಅಡುಗೆ ವಿಷಯಕ್ಕೆ ಬಂದ್ರಲ್ಲ ಅಣ್ಣಾ." ಅವನ ತೋರುಬೆರಳು ಗೇಟಿನ ಕಡೆ ತಿರುಗಿತು. "ನಡೀರಿ ಆಚೆ. ಆಟ ಮುಗಿಯೋವರೆಗೆ ಒಳಗೆ ಕಾಲಿಡಂಗಿಲ್ಲ."

ಗ್ಯಾಲರಿ ಎದ್ದು ನಿಂತು ಚಪ್ಪಾಳೆ ತಟ್ಟಿತು. ಮೇಷ್ಟ್ರು ಒಳಗೊಳಗೇ ನಗುತ್ತ, ಮೇಲೆ ಬೈಯುತ್ತ ಹೊರಬಂದು, ಬಾಡಿಗೆ ಬೈಕ್ ಹತ್ತಿದರು. ಚೀಲದಲ್ಲಿ ತಂದಿಟ್ಟುಕೊಂಡಿದ್ದ ಬಿಳಿ ಅಂಗಿಯನ್ನು ಬೈಕಿನ ಮೇಲೆಯೇ ತೊಟ್ಟು ಚರ್ಚಿಗೆ ನುಗ್ಗಿದರು.

ಒಳಗೆ ಮದುವೆಯವರ ಒಂದು ನರಪಿಳ್ಳೆಯೂ ಇಲ್ಲ. ಕಸ ಗುಡಿಸುವ ಮುದುಕಿಯೊಬ್ಬಳು ಮಾತ್ರ ಬೆಂಚಿನ ಮೇಲೆ ಕೂತಿದ್ದಳು.

"ಎಲ್ಲಮ್ಮಾ ಎಲ್ರೂ?"

"ಮೈದಾನಕ್ಕೆ ಹೋದ್ರಪ್ಪ. ಅಪ್ಪ ಇಲ್ದೆ ಮದುವೆ ಬೇಡ, ನಾವೇ ಅವರಿದ್ದಲ್ಲಿಗೆ ಹೋಗೋಣ ಅಂತ ನಿನ್ನ ಮಗಳು ಹಟ ಹಿಡಿದ್ಳು. ಪಾದ್ರಿನೂ ಕರ್ಕೊಂಡು ಲಾರಿ ಹತ್ತಿ ಹಿಂದಿನ ದಾರೀಲಿ ಹೋದ್ರು. ನೀನ್ಯಾಕೆ ಇಲ್ಲಿಗೆ ಬಂದೆ?"

ಮೇಷ್ಟ್ರು ಅದೇ ಬೈಕಿನಲ್ಲಿ ಬಿದ್ದೆನೋ ಎದ್ದೆನೋ ಅಂತ ಮರಳಿದರು. ಗೇಟಿನಲ್ಲಿ ಕಾವಲುಗಾರ ಅಡ್ಡ ನಿಂತ.

"ಬಿಡೋ, ನನ್ನ ಮಗಳ ಮದುವೆ."

"ಆಟ ಮುಗಿದಿಲ್ಲ ಮೇಷ್ಟ್ರೇ. ಮದುವೆಗೆ ಅಂತ ಸ್ವಲ್ಪ ಹೊತ್ತು ನಿಲ್ಸಿದಾರೆ ಅಷ್ಟೇ."

ಮೇಷ್ಟ್ರು ತಂತಿಬೇಲಿಗೆ ಮುಖ ಒತ್ತಿ ತಿಬುರ್ಸಿಯೊನನ್ನು ಕೂಗಿ ಕರೆದರು. ತಪ್ಪಾಯ್ತು ಅಂದರು, ನಿಮ್ಮಮ್ಮನ ಸಾರು ಅಮೃತ ಅಂದರು.

"ಕ್ಷಮಿಸಿದೀನಿ ಅಣ್ಣಾ," ಅಂದ ತಿಬುರ್ಸಿಯೊ. "ಆದ್ರೆ ನಿಯಮ ನಿಯಮಾನೇ. ಅಂಪೈರ್ ಮಾತು ಅಂಪೈರೇ ಮುರೀಬಾರ್ದು ಅಂತ ನಂಗೆ ಕಲಿಸ್ದೋರು ನೀವು."

"ಅವಳ ಕೈ ಯಾರೋ ಹಿಡಿಯೋದು?"

"ನಾನೇ. ಮಾವ ಬೇಡ, ಅಪ್ಪನ ಶಿಷ್ಯನೇ ಬರ್ಲಿ ಅಂದ್ಳು."

ಎದೆಗವಚ ಕಟ್ಟಿಕೊಂಡೇ ತಿಬುರ್ಸಿಯೊ ಯಾನಿರಿಸಳ ಕೈಹಿಡಿದು, ಆಟಗಾರರ ಸಾಲಿನ ನಡುವೆ, ಪಾದ್ರಿ ನಿಂತಿದ್ದ ಕಡೆಗೆ ನಡೆಸಿದ. ಎರಡೂ ತಂಡಗಳು ಬ್ಯಾಟುಗಳನ್ನು ಕಮಾನಿನ ಹಾಗೆ ಎತ್ತಿ ಹಿಡಿದವು. ಬೇಲಿಯಾಚೆ ಮೇಷ್ಟ್ರ ಪಕ್ಕದಲ್ಲಿ ಎದುರು ತಂಡದ ಬಸ್ಸಿನ ಡ್ರೈವರ್ ಕಡಲೆಕಾಯಿ ತಿನ್ನುತ್ತ ನಿಂತಿದ್ದ.

"ಹುಡುಗಿ ಯಾರ್ರೀ? ರಾಣಿ ಹಂಗಿದಾಳೆ."

"ನನ್ನ ಮಗಳು."

"ಅಪ್ಪ ಆದೋರು ಇಲ್ಲೇನ್ ಮಾಡ್ತಿದೀರಿ? ಅವಳ್ಯಾಕೆ ಚರ್ಚ್ ಬಿಟ್ಟು ಇಲ್ಲಿಗ್ ಬಂದ್ಳು?"

ಮೇಷ್ಟ್ರು ಬಿಳಿ ಅಂಗಿಯ ತೋಳಿನಲ್ಲಿ ಕಣ್ಣೊರೆಸಿಕೊಂಡರು, ಎದೆಯುಬ್ಬಿಸಿದರು.

"ಏನೇ ಆದ್ರೂ ನಮ್ಮಪ್ಪ ಆಟದ ಮಧ್ಯೆ ಮೈದಾನ ಬಿಟ್ಟು ಬರೋರಲ್ಲ ಅಂತ," ಅಂದರು, "ಅವಳಿಗೆ ನನ್ನ ಮೇಲೆ ಅಷ್ಟು ನಂಬಿಕೆ ಕಣಪ್ಪಾ."