ಏರು ಹತ್ತದ ಜೀಪು

ಅಂದು ಬೆಳಿಗ್ಗೆಯೂ ನಾನು ಜೀಪಿಗೆ ಬೈದಿದ್ದೆ. ಅದೇ ಕೊನೆಯ ಮಾಮೂಲಿ ದಿನ ಎಂದು ಗೊತ್ತಿದ್ದರೆ ಸ್ವಲ್ಪ ಕಡಿಮೆ ಬೈಯುತ್ತಿದ್ದೆನೋ ಏನೋ, ಹೇಳಲಾರೆ; ನನ್ನ ಸ್ವಭಾವ ನನಗೆ ಗೊತ್ತು. ಹೂವಿನಹಡಗಲಿಯ ನಮ್ಮ ತೋಟದ ಮಲ್ಲಿಗೆ ಮೊಗ್ಗನ್ನು ಹರಪನಹಳ್ಳಿಗೆ ಒಯ್ಯುವುದು ನಮ್ಮ ಕೆಲಸ. ಮೊಗ್ಗು ಮೊಗ್ಗಾಗಿಯೇ ತಲುಪಬೇಕು. ದಾರಿಯಲ್ಲಿ ಬಿರಿದರೆ ಕೊಳ್ಳುವವರು ಮುಖ ತಿರುಗಿಸುತ್ತಾರೆ. ಒಯ್ಯುವುದೋ, ಎಂಥ ಕೆಸರಿನಿಂದಲೂ ಎದ್ದು ಬರುವ, ಆದರೆ ಸಣ್ಣ ಏರಿಗೂ ಹೆದರುವ ಹಳೆಯ ಫೋರ್‌ವೀಲ್ ಜೀಪು. ಕಣ್ಣಿನ ಆಪರೇಷನ್ ಆದ ಮೇಲೆ ನಮ್ಮ ಮನೆಯವರು ಸ್ಟೀರಿಂಗ್ ನನಗೆ ಬಿಟ್ಟು, ಪಕ್ಕದಲ್ಲಿ ಬುಟ್ಟಿ ಹಿಡಿದು ಕೂರುತ್ತಿದ್ದರು. ಏರಿನಲ್ಲಿ ಕುರಿಹಿಂಡು ನಮ್ಮನ್ನು ದಾಟಿ ಹೋಗುತ್ತಿತ್ತು. ಕುರಿಯವನ ಮನೆಯ ಕ್ಷೇಮ ಸಮಾಚಾರವನ್ನೆಲ್ಲ ಇವರು ಓಡುವ ಜೀಪಿನಿಂದಲೇ ವಿಚಾರಿಸಿ ಮುಗಿಸುತ್ತಿದ್ದರು. ನಾನು ಜೀಪಿಗೆ ನನ್ನದೂ ಒಂದು ಕೈ ಇರಲಿ ಎಂದು ಮುಂದಕ್ಕೆ ಬಗ್ಗುತ್ತಿದ್ದೆ. ಅಂದೂ ಬಗ್ಗಿದ್ದೆ.

“ನೀ ಬಗ್ಗಿದ್ರ ಜೀಪು ಏರತೈತೇನು?”

“ನೀವು ಇಳದು ನೂಕಿದ್ರ ಏರತೈತ್ರಿ. ಗ್ಯಾರೇಜಿಗಾದ್ರೂ ಒಯ್ಯೋಣ ಅಂದ್ರ ಬ್ಯಾಡ ಅಂತೀರಿ.”

“ಎಂಜಿನ್‌ಗೆ ವಯಸ್ಸಾಗೈತಿ. ಸಾವಕಾಶ ಹೋಗು. ಹೂವು ಎಲ್ಲೂ ಓಡಿ ಹೋಗಂಗಿಲ್ಲ.”

ಹೂವು ಓಡಿ ಹೋಗಲಿಲ್ಲ. ಮರುದಿನ ಬೆಳಿಗ್ಗೆ ಎದೆ ಹಿಡಿದುಕೊಂಡು ಕೂತವರು, ಅವರೇ ಹೋಗಿಬಿಟ್ಟರು.

ಒಂದು ತಿಂಗಳ ಮೇಲೆ ಜೀಪನ್ನು ಗ್ಯಾರೇಜಿಗೆ ಒಯ್ದೆ. ಮೇಸ್ತ್ರಿ ಮೌಲಾಸಾಬರು ಏರ್ ಫಿಲ್ಟರ್ ಬಿಚ್ಚಿದರು; ಅದರಲ್ಲಿ ಒಂದು ಸಾಲು ಮಲ್ಲಿಗೆ ನೆಡುವಷ್ಟು ಮಣ್ಣಿತ್ತು. ಡೀಸೆಲ್ ಫಿಲ್ಟರ್ ಬದಲಿಸಿದರು, ನಾಝಲ್ ತೊಳೆದರು, ಟ್ಯಾಪೆಟ್ ಹೊಂದಿಸಿದರು. ಹೊಗೆ ನಿಂತಿತು. ಏರು ಮಾತ್ರ ಹತ್ತಲಿಲ್ಲ. ಕೊನೆಗೆ ಅವರು ಪೆಡಲ್‌ಗಳ ಕಡೆಗೆ ತಲೆ ಹಾಕಿ, ನನ್ನನ್ನು ಕರೆದು ತೋರಿಸಿದರು. ಆಕ್ಸಿಲರೇಟರ್ ಅಡಿಯಲ್ಲಿ ಬೆರಳುದ್ದದ ಮರದ ತುಂಡೊಂದನ್ನು ಹುರಿಯಿಂದ ಬಿಗಿಯಲಾಗಿತ್ತು. ಅರ್ಧಕ್ಕಿಂತ ಹೆಚ್ಚು ತುಳಿಯಲು ಅದು ಬಿಡುತ್ತಿರಲಿಲ್ಲ. ಹುರಿಗೆ ಹಾಕಿದ್ದು ಹೂವಿನ ಬುಟ್ಟಿಗೆ ನಮ್ಮ ಮನೆಯವರು ಹಾಕುತ್ತಿದ್ದ ಗಂಟು.

“ಅಕ್ಕಾರ, ಎಂಜಿನ್ ಗಟ್ಟಿ ಐತ್ರಿ. ನೀವು ಜೋರು ಓಡಸ್ತೀರಂತ ಅಣ್ಣಾರು ಇದನ್ನ ಇಟ್ಟಾರ.”

“ನಾ ಎಲ್ಲಿ ಜೋರು ಓಡಸ್ತೀನಿ?”

“ಹೆಂಗ ಓಡಸ್ತೀರಿ, ತುಂಡು ಐತಲ್ರಿ.”

ತೆಗೆಸಿದೆ. ಮರುದಿನ ಜೀಪು ಏರನ್ನು ಒಂದೇ ಉಸಿರಿಗೆ ಹತ್ತಿತು. ಆಚೆಯ ಇಳಿಜಾರಿನ ತಿರುವಿನಲ್ಲಿ ಎರಡು ಬುಟ್ಟಿ ಹಾರಿ ರಸ್ತೆಗೆ ಬಿದ್ದವು. ಹಿಡಿದು ಕೂರುವವರು ಇರಲಿಲ್ಲವಲ್ಲ. ಮಣ್ಣಿನಿಂದ ಮೊಗ್ಗು ಆರಿಸುತ್ತ, ಅವರು ಮಾಡಿದ್ದೇ ಸರಿ ಎಂದು ಒಪ್ಪಿಕೊಂಡೆ. ಬದುಕಿದ್ದಾಗ ಒಮ್ಮೆಯೂ ಒಪ್ಪಿಕೊಂಡವಳಲ್ಲ.

ತುಂಡನ್ನು ನಾನೇ ಮತ್ತೆ ಕಟ್ಟಿದ್ದೇನೆ. ಅವರ ಗಂಟು ನನಗೆ ಬರುವುದಿಲ್ಲ. ವಾರಕ್ಕೊಮ್ಮೆ ಸಡಿಲಾಗುತ್ತದೆ, ಮತ್ತೆ ಬಿಗಿಯುತ್ತೇನೆ. ಏರು ಬಂದಾಗ ಈಗಲೂ ಮುಂದಕ್ಕೆ ಬಗ್ಗುತ್ತೇನೆ. ನೀ ಬಗ್ಗಿದರೆ ಜೀಪು ಏರುತ್ತದೇನು ಎಂದು ಕೇಳುವವರು ಪಕ್ಕದಲ್ಲಿಲ್ಲ.